ನಾನು ತೆರೆದೇ ಇಲ್ಲ, ಎನಿಡೆಸ್ಕ್ ಯಾಕೆ ಓಡ್ತಾ ಇದೆ?

ಓದುಗರ ಪ್ರಶ್ನೆ: ಸರ್, ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಬೋರ್‌ವೆಲ್ ಮೋಟಾರು, ಪೈಪಿನ ಅಂಗಡಿ. ಬಿಲ್ಲು, ಇ-ವೇ ಬಿಲ್, ಜಿಎಸ್‌ಟಿ ರಿಟರ್ನ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಬಿಲ್ಲಿಂಗ್ ಸಾಫ್ಟ್‌ವೇರ್ ಕೊಟ್ಟವರ ಕಡೆಯ ಹುಡುಗ ಎರಡು ವರ್ಷದ ಹಿಂದೆ ಲ್ಯಾಪ್‌ಟಾಪಿಗೆ ಎನಿಡೆಸ್ಕ್ ಹಾಕಿ ಹೋದ. ಏನಾದರೂ ಕೆಟ್ಟರೆ ಅವರು ಅಲ್ಲಿಂದಲೇ ಸರಿ ಮಾಡುತ್ತಾರೆ. ಮೊನ್ನೆ ಲ್ಯಾಪ್‌ಟಾಪ್ ತುಂಬಾ ನಿಧಾನ ಆಗಿದೆ ಅಂತ ಮೈದುನನ ಮಗನಿಗೆ ತೋರಿಸಿದೆ. ಅವನು ಟಾಸ್ಕ್ ಮ್ಯಾನೇಜರ್ ತೆಗೆದು, "ದೊಡ್ಡಮ್ಮ, ನೀವು ಎನಿಡೆಸ್ಕ್ ತೆರೆದೇ ಇಲ್ಲ, ಆದ್ರೂ ಎರಡು ಸಲ ಓಡ್ತಾ ಇದೆ. ಯಾರೋ ನೋಡ್ತಾ ಇದ್ದಾರೆ" ಅಂದ. ರಿಮೋಟ್ ಡೆಸ್ಕ್‌ಟಾಪ್ ಸರ್ವೀಸಸ್ ಅನ್ನೋದೂ ಪಟ್ಟಿಯಲ್ಲಿತ್ತು. ಆಂಟಿವೈರಸ್ ಏನೂ ಹೇಳುತ್ತಿಲ್ಲ. ಹೋದ ವಾರ ಒಂದು ಸಲ ಮೌಸಿನ ಬಾಣ ತಾನಾಗೇ ಅಲುಗಾಡಿದ್ದು ಈಗ ನೆನಪಾಗಿ ನಿದ್ದೆ ಬರುತ್ತಿಲ್ಲ. ಬ್ಯಾಂಕಿನ ಕೆಲಸವೂ ಇದೇ ಲ್ಯಾಪ್‌ಟಾಪಿನಲ್ಲಿ. ತೆಗೆದುಹಾಕೋಣ ಅಂದರೆ ನಮ್ಮ ಯಜಮಾನರು, "20ನೇ ತಾರೀಖು ಹತ್ರ ಬಂತು, ಸಾಫ್ಟ್‌ವೇರ್ ಕೈಕೊಟ್ರೆ ಯಾರು ನೋಡ್ತಾರೆ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ:

ಮೊದಲು ನಿಮ್ಮ ನಿದ್ದೆಯ ವಿಷಯ. ನೀವು ಬರೆದಿರುವುದರಲ್ಲಿ ಕಳ್ಳ ಒಳಗೆ ಬಂದಿದ್ದಾನೆ ಅನ್ನೋದಕ್ಕೆ ಒಂದೂ ಗಟ್ಟಿ ಗುರುತು ಇಲ್ಲ. ಹಾಗಂತ ಎಲ್ಲ ಸರಿಯಾಗಿದೆ ಅಂತಲೂ ಹೇಳಲಾರೆ. ನಿಮ್ಮ ಮೈದುನನ ಮಗ ನೋಡಬೇಕಾದ ಕಡೆಯೇ ನೋಡಿದ್ದಾನೆ. ಅವನು ಅಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಿತ್ತು, ಅಷ್ಟೇ. ಎನಿಡೆಸ್ಕ್ ಓಡುತ್ತಿದೆ ಸರಿ, ಅದರ ಬೀಗದ ಕೈ ಯಾರ್ಯಾರ ಹತ್ತಿರ ಇದೆ? ನಿಮ್ಮ ಪತ್ರ ಓದಿದಾಗ ನನಗೆ ಚಿಂತೆ ಹುಟ್ಟಿಸಿದ್ದು ಟಾಸ್ಕ್ ಮ್ಯಾನೇಜರ್ ಅಲ್ಲ, "ಎರಡು ವರ್ಷದ ಹಿಂದೆ ಹಾಕಿ ಹೋದ" ಅನ್ನೋ ಮಾತು.

ತೆರೆಯದಿದ್ದರೂ ಅದು ಯಾಕೆ ಓಡುತ್ತದೆ ಅಂತ ಮೊದಲು ನೋಡೋಣ. ಎನಿಡೆಸ್ಕನ್ನು ಎರಡು ಥರ ಬಳಸಬಹುದು. ಡೌನ್‌ಲೋಡ್ ಮಾಡಿದ ಫೈಲನ್ನು ಹಾಗೇ ಡಬಲ್ ಕ್ಲಿಕ್ ಮಾಡಿ ಕೆಲಸ ಮುಗಿಸಿ ಮುಚ್ಚಿದರೆ ಅದು ಅಲ್ಲಿಗೇ ನಿಲ್ಲುತ್ತದೆ. ಇದು ಒಂದು. ಅದನ್ನೇ ಇನ್‌ಸ್ಟಾಲ್ ಮಾಡಿದರೆ ವಿಂಡೋಸ್‌ನೊಳಗೆ ಎನಿಡೆಸ್ಕ್ ಸರ್ವೀಸ್ ಅಂತ ಒಂದು ಸೇವೆ ಬಂದು ಕೂರುತ್ತದೆ. ಲ್ಯಾಪ್‌ಟಾಪ್ ಆನ್ ಆಗುತ್ತಿದ್ದ ಹಾಗೇ, ನೀವು ಪಾಸ್‌ವರ್ಡ್ ಹೊಡೆಯೋಕೂ ಮುಂಚೆ, ಅದು ಎದ್ದಿರುತ್ತದೆ. ಎದ್ದ ಮೇಲೆ ಕಂಪನಿಯ ಸರ್ವರ್‌ಗೆ ಒಂದು ಸಂಪರ್ಕ ಹಿಡಿದುಕೊಂಡು ಸುಮ್ಮನೆ ಕಾಯುತ್ತದೆ. ಈ ಸಂಪರ್ಕ ನಿಮ್ಮ ಕಡೆಯಿಂದ ಹೊರಗೆ ಹೋಗುವಂಥದ್ದು. ಅದಕ್ಕೇ ನಿಮ್ಮ ಅಂಗಡಿಯ ವೈಫೈ ರೌಟರ್‌ನಲ್ಲಿ ಯಾರೂ ಯಾವ ಬಾಗಿಲನ್ನೂ ತೆರೆದಿಟ್ಟಿಲ್ಲದಿದ್ದರೂ ಸಾಫ್ಟ್‌ವೇರ್ ಹುಡುಗ ಅವನ ಊರಿನಿಂದ ನಿಮ್ಮ ಪರದೆಗೆ ಬರಬಲ್ಲ.

ಎರಡು ಸಲ ಕಾಣಿಸಿದ್ದಕ್ಕೂ ಕಾರಣ ಇದೆ. ಒಂದು ಈ ಸೇವೆ. ಇನ್ನೊಂದು ಕೆಳಗೆ ಗಡಿಯಾರದ ಪಕ್ಕ ಕಾಣುವ ಕೆಂಪು ಐಕಾನಿನದು. ಎನಿಡೆಸ್ಕ್ ಕಿಟಕಿ ತೆರೆದರೆ ಮೂರನೆಯದೂ ಬರಬಹುದು. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಭಾಗಕ್ಕೆ ಹೋಗಿ, ಮೇಲಿನ ಕಾಲಂ ಹೆಸರುಗಳ ಮೇಲೆ ರೈಟ್ ಕ್ಲಿಕ್ ಮಾಡಿ, ಕಮಾಂಡ್ ಲೈನ್ ಅನ್ನೋ ಕಾಲಂ ಸೇರಿಸಿಕೊಳ್ಳಿ. ಒಂದು ಸಾಲಿನ ಕೊನೆಗೆ ಸರ್ವೀಸ್ ಅಂತ, ಇನ್ನೊಂದರ ಕೊನೆಗೆ ಕಂಟ್ರೋಲ್ ಅಂತ ಇರುತ್ತದೆ. ಎರಡು ಇವೆ ಅಂದರೆ ಇಬ್ಬರು ನೋಡುತ್ತಿದ್ದಾರೆ ಅಂತ ಅಲ್ಲ. ಯಾರೂ ಸಂಪರ್ಕದಲ್ಲಿ ಇಲ್ಲದಾಗ ಸಿಪಿಯು ಕಾಲಂನಲ್ಲಿ ಇವು ಹೆಚ್ಚುಕಡಿಮೆ ಸೊನ್ನೆಯಲ್ಲೇ ಇರುತ್ತವೆ.

ಎನಿಡೆಸ್ಕ್ ತೋರಿಸುವ 9 ಅಥವಾ 10 ಅಂಕಿಯ ನಂಬರ್ ಬಗ್ಗೆಯೂ ಜನ ಜಾಸ್ತಿ ಹೆದರುತ್ತಾರೆ. ಅದು ಫೋನ್ ನಂಬರ್ ಇದ್ದ ಹಾಗೆ. ಗೊತ್ತಿದ್ದವರು ಕರೆ ಮಾಡಬಹುದು, ನೀವು ಅಕ್ಸೆಪ್ಟ್ ಒತ್ತದೆ ಒಳಗೆ ಬರೋಕಾಗಲ್ಲ. ಇದಕ್ಕೊಂದು ದೊಡ್ಡ 'ಆದರೆ' ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ರಿಮೋಟ್ ಡೆಸ್ಕ್‌ಟಾಪ್ ಸರ್ವೀಸಸ್ ವಿಚಾರ ಬೇಗ ಮುಗಿಸಿಬಿಡೋಣ. ಅದು ವಿಂಡೋಸಿನ ಜೊತೆಗೇ ಬರೋದು, ಎನಿಡೆಸ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಅಂತ ಹೋಗಿ ನೋಡಿ. ವಿಂಡೋಸ್ ಹೋಮ್ ಅಂತ ಇದ್ದರೆ, ಆ ದಾರಿಯಲ್ಲಿ ಹೊರಗಿನವರನ್ನು ಒಳಗೆ ಬಿಟ್ಟುಕೊಳ್ಳುವ ಸೌಲಭ್ಯವೇ ಅದರಲ್ಲಿಲ್ಲ. ಪ್ರೊ ಇದ್ದರೆ ಸಿಸ್ಟಮ್ ಪುಟದಲ್ಲೇ ರಿಮೋಟ್ ಡೆಸ್ಕ್‌ಟಾಪ್ ಅಂತ ಒಂದು ಸ್ವಿಚ್ ಇರುತ್ತದೆ. ಅದು ಆಫ್ ಇದ್ದರೆ ಸಾಕು.

ಮೌಸಿನ ಬಾಣ. ಅಂಗಡಿಯ ಗಲ್ಲಾಪೆಟ್ಟಿಗೆ ಮೇಜಿಗೆ ಗಾಜು ಹಾಸಿದ್ದೀರಾ? ಮಂಡಿಪೇಟೆಯಲ್ಲಿ ನಾನು ನೋಡಿದ ಮುಕ್ಕಾಲು ಮೇಜುಗಳಿಗೆ ಗಾಜಿದೆ, ಅದರ ಕೆಳಗೆ ದೇವರ ಫೋಟೋ, ವಿಸಿಟಿಂಗ್ ಕಾರ್ಡು. ಬೆಳಕಿನ ಮೌಸ್ ಗಾಜಿನ ಮೇಲೆ ನೆಟ್ಟಗೆ ಕೆಲಸ ಮಾಡಲ್ಲ, ಬಾಣ ನಡುಗುತ್ತದೆ, ಒಂದು ಮೂಲೆಗೆ ಜಾರುತ್ತದೆ. ಟಚ್‌ಪ್ಯಾಡ್ ಮೇಲೆ ಬೆವರು, ಧೂಳು ಇದ್ದರೂ ಹಾಗೇ. ಮನುಷ್ಯರು ಆಡಿಸಿದ ಬಾಣ ಬೇರೆ ಥರ. ಅದು ಒಂದು ಕಡೆ ಹೋಗಿ ನಿಲ್ಲುತ್ತದೆ, ಏನನ್ನೋ ತೆರೆಯುತ್ತದೆ, ಟೈಪ್ ಮಾಡುತ್ತದೆ. ಯಾರಾದರೂ ಎನಿಡೆಸ್ಕ್‌ನಲ್ಲಿ ಒಳಗಿದ್ದರೆ ಸಾಮಾನ್ಯವಾಗಿ ಅವರ ನಂಬರ್ ಇರುವ ಒಂದು ಸಣ್ಣ ಕಿಟಕಿಯೂ ನಿಮ್ಮ ಪರದೆಯಲ್ಲಿ ಇರುತ್ತದೆ. ಮೌಸಿನ ಕೆಳಗೆ ಒಂದು ಹಳೇ ನೋಟ್‌ಬುಕ್ ಇಟ್ಟು ಎರಡು ದಿನ ನೋಡಿ.

ಇನ್ನು ಆಂಟಿವೈರಸ್ ಸುಮ್ಮನಿದೆ ಅನ್ನೋದು. ಇದನ್ನು ಧೈರ್ಯಕ್ಕೆ ಕಾರಣ ಅಂತಲೂ ತಗೋಬೇಡಿ, ಭಯಕ್ಕೆ ಕಾರಣ ಅಂತಲೂ ತಗೋಬೇಡಿ. ಎನಿಡೆಸ್ಕ್ ವೈರಸ್ ಅಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್‌ನ ಕಂಪನಿ ಮಾಡಿದ, ದುಡ್ಡು ಕೊಟ್ಟು ಜನ ಬಳಸುವ ಸಾಫ್ಟ್‌ವೇರ್. ಅಸಲಿ ಎನಿಡೆಸ್ಕ್ ಕಂಡರೆ ಆಂಟಿವೈರಸ್ ಬೊಗಳದೇ ಇರೋದೇ ಸರಿ. ಮೋಸಗಾರರಿಗೂ ಇದು ಚೆನ್ನಾಗಿ ಗೊತ್ತು. ಅವರು ನಕಲಿ ಪ್ರೋಗ್ರಾಂ ಬರೆಯುವ ಕಷ್ಟಕ್ಕೇ ಹೋಗೋದಿಲ್ಲ, ಅಸಲಿಯನ್ನೇ ನಿಮ್ಮ ಕೈಯಲ್ಲೇ ಹಾಕಿಸುತ್ತಾರೆ. 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಹೆಸರು ಹೇಳಿಯೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಜನರ ಫೋನಿನಲ್ಲಿ ಈ ಆ್ಯಪ್ ಹಾಕಿಸಿ, ನಂಬರ್ ಕೇಳಿ ಪಡೆದು, ಯುಪಿಐ ಮೂಲಕ ಹಣ ಎಳೆಯುತ್ತಿದ್ದರು. 2023ರ ಜನವರಿಯಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಕೂಡ ಇದನ್ನೇ ಹೇಳಿತು: ಎನಿಡೆಸ್ಕ್‌ನಂಥ ಅಸಲಿ ಸಾಫ್ಟ್‌ವೇರನ್ನೇ ಕಳ್ಳರು ಬಳಸುತ್ತಿದ್ದಾರೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು. ನಿಮ್ಮಲ್ಲಿರೋದು ಅಸಲಿಯಾ? ಅಸಲಿಯಾದರೆ ಯಾರು ಒಳಗೆ ಬರಬಲ್ಲರು?

ಮೊದಲನೆಯದು ಐದು ನಿಮಿಷದ ಕೆಲಸ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಎನಿಡೆಸ್ಕ್ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಒತ್ತಿ. ಇನ್‌ಸ್ಟಾಲ್ ಮಾಡಿದ ಎನಿಡೆಸ್ಕ್ ಸಾಮಾನ್ಯವಾಗಿ ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್ ಹೆಸರಿನ, ಪಕ್ಕದಲ್ಲಿ ಎಕ್ಸ್86 ಅಂತ ಬರೆದಿರುವ ಫೋಲ್ಡರಿನಲ್ಲಿ, ಎನಿಡೆಸ್ಕ್ ಅನ್ನೋ ಹೆಸರಿನಡಿ ಇರುತ್ತದೆ. ಟೆಂಪ್ ಫೋಲ್ಡರ್, ಯೂಸರ್ಸ್ ಒಳಗಿನ ಪಬ್ಲಿಕ್, ಅರ್ಥವಾಗದ ಹೆಸರಿನ ಯಾವುದೋ ಫೋಲ್ಡರ್, ಇಂಥ ಕಡೆ ಸಿಕ್ಕರೆ ಅನುಮಾನ ಪಡಿ. ಡೌನ್‌ಲೋಡ್ಸ್‌ನಲ್ಲಿ ಸಿಕ್ಕರೆ ಅದು ಯಾರೋ ಇನ್‌ಸ್ಟಾಲ್ ಮಾಡದೆ ಓಡಿಸಿದ ಪ್ರತಿ ಇರಬಹುದು. ಎನಿಡೆಸ್ಕ್ ಹೆಸರಿನ ಮುಂದೆ ಒಂದಷ್ಟು ಅಕ್ಷರ, ಅಂಕಿ ಸೇರಿದ್ದರೆ ಗಾಬರಿ ಬೇಡ. ಸಾಫ್ಟ್‌ವೇರ್ ಕಂಪನಿಗಳು ತಮಗೆ ಬೇಕಾದ ಹಾಗೆ ಮಾಡಿಸಿಕೊಂಡ ಎನಿಡೆಸ್ಕ್‌ಗೆ ಅಂಥ ಹೆಸರು ಬರುತ್ತದೆ. ಯಾರು ಹಾಕಿದ್ದು ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ.

ಹೆಸರು, ಜಾಗ ಎರಡನ್ನೂ ನಕಲು ಮಾಡಬಹುದು, ಸಹಿಯನ್ನು ಮಾಡೋದು ಕಷ್ಟ. ಆ ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡಿಜಿಟಲ್ ಸಿಗ್ನೇಚರ್ಸ್. ಆ ಭಾಗವೇ ಇಲ್ಲದಿದ್ದರೆ ಅದು ಅಸಲಿಯಲ್ಲ. ಇದ್ದರೆ ಹೆಸರಿನ ಮೇಲೆ ಕ್ಲಿಕ್ ಮಾಡಿ ಡೀಟೇಲ್ಸ್ ಒತ್ತಿ, ಸಹಿ ಸರಿಯಿದೆ ಅಂತ ಬರಬೇಕು. ಸಹಿ ಮಾಡಿದವರು ಎನಿಡೆಸ್ಕ್ ಸಾಫ್ಟ್‌ವೇರ್ ಜಿಎಂಬಿಎಚ್ ಅಂತ ಇರಬೇಕು.

ಇಲ್ಲಿ ನಿಮಗೆ ಒಂದು ವಿಶೇಷ. ಎರಡು ವರ್ಷದ ಹಿಂದೆ ಅವನು ಹಾಕಿದ್ದು ಪೆನ್‌ಡ್ರೈವಿನಲ್ಲಿದ್ದ ಹಳೇ ಪ್ರತಿ ಆಗಿದ್ದರೆ, ಆಮೇಲೆ ಅಪ್‌ಡೇಟೂ ಆಗಿಲ್ಲದಿದ್ದರೆ, ಅಲ್ಲಿ ಫಿಲಾಂಡ್ರೋ ಸಾಫ್ಟ್‌ವೇರ್ ಜಿಎಂಬಿಎಚ್ ಅಂತ ಕಾಣಬಹುದು. ಇದೇನಪ್ಪ ಕಳ್ಳ ಹೆಸರು ಅಂದುಕೊಳ್ಳಬೇಡಿ, ಅದು ಅದೇ ಕಂಪನಿಯ ಹಿಂದಿನ ಹೆಸರು. ಆದರೂ ಅದನ್ನು ಹಾಗೇ ಬಿಡಬಾರದು. 2024ರ ಫೆಬ್ರವರಿ 2ರಂದು ಎನಿಡೆಸ್ಕ್ ಕಂಪನಿಯೇ ತನ್ನ ಸರ್ವರ್‌ಗಳಿಗೆ ಹ್ಯಾಕರ್‌ಗಳು ನುಗ್ಗಿದ್ದನ್ನು ಒಪ್ಪಿಕೊಂಡಿತು. ಹಳೆಯ ಸಹಿಯ ಸರ್ಟಿಫಿಕೇಟನ್ನು ರದ್ದು ಮಾಡಿ ಹೊಸದಕ್ಕೆ ಹೋಯಿತು. ವಿಂಡೋಸ್‌ಗೆ ಹೊಸ ಸಹಿಯೊಂದಿಗೆ ಬಂದದ್ದು 8.0.8 ಆವೃತ್ತಿ. ಅದಕ್ಕಿಂತ ಹಳೆಯದು ನಿಮ್ಮ ಲ್ಯಾಪ್‌ಟಾಪಿನಲ್ಲಿದ್ದರೆ ಇಡಬೇಡಿ. ಹೊಸದನ್ನು ಹಾಕುವಾಗ ಗೂಗಲ್‌ನಲ್ಲಿ ಹುಡುಕಿ ಮೇಲೆ ಬಂದ ಜಾಹೀರಾತಿನ ಮೇಲೆ ಒತ್ತಬೇಡಿ, ಕಂಪನಿಯ ವಿಳಾಸವನ್ನೇ ಬ್ರೌಸರಿನಲ್ಲಿ ಟೈಪ್ ಮಾಡಿ. ಹುಡುಕಾಟದ ಜಾಹೀರಾತಿನ ಜಾಗದಲ್ಲಿ ನಕಲಿ ಪುಟಗಳನ್ನು ಕೂರಿಸೋದು ಕಳ್ಳರ ಹಳೇ ಚಾಳಿ.

ಸಹಿ ನೋಡಿಯೂ ಸಮಾಧಾನ ಆಗದಿದ್ದರೆ ವೈರಸ್‌ಟೋಟಲ್ ತಾಣಕ್ಕೆ ಆ ಪ್ರೋಗ್ರಾಂ ಫೈಲನ್ನು ಹಾಕಿ ನೋಡಬಹುದು, ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ನೋಡಿ ಹೇಳುತ್ತವೆ. ಒಂದೆರಡು ಮಾತ್ರ 'ರಿಮೋಟ್ ಆ್ಯಕ್ಸೆಸ್ ಟೂಲ್' ಅಂತ ಗುರುತು ಹಾಕಿದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಇರೋ ವಿಷಯವೇ. ಅಂಗಡಿಯ ಲೆಕ್ಕದ ಫೈಲುಗಳನ್ನು ಮಾತ್ರ ಅಲ್ಲಿಗೆ ಹಾಕಬೇಡಿ. ಅಲ್ಲಿ ಹಾಕಿದ್ದು ಬೇರೆಯವರಿಗೂ ಸಿಗುತ್ತದೆ.

ಈಗ ಎರಡನೇ ಪ್ರಶ್ನೆ. ಆಗ ಹೇಳಿದ ಆ 'ಆದರೆ'.

ಎನಿಡೆಸ್ಕ್‌ನಲ್ಲಿ ಅನ್‌ಅಟೆಂಡೆಡ್ ಆ್ಯಕ್ಸೆಸ್ ಅಂತ ಒಂದಿದೆ. ಅದಕ್ಕೆ ಪಾಸ್‌ವರ್ಡ್ ಇಟ್ಟರೆ, ಆ ಪಾಸ್‌ವರ್ಡ್ ಗೊತ್ತಿರುವವರು ನೀವು ಅಕ್ಸೆಪ್ಟ್ ಒತ್ತದೆ ಒಳಗೆ ಬರಬಹುದು. ನೀವು ಊಟಕ್ಕೆ ಹೋಗಿದ್ದಾಗಲೂ ಬರಬಹುದು. ಬಂದವರು ಆ ಪಾಸ್‌ವರ್ಡನ್ನು ತಮ್ಮ ಕಂಪ್ಯೂಟರಿನಲ್ಲಿ ಉಳಿಸಿಕೊಂಡರೆ ಮುಂದಿನ ಸಲ ಅದನ್ನೂ ಹೊಡೆಯಬೇಕಿಲ್ಲ. ಸಪೋರ್ಟ್ ಹುಡುಗರು ಇದನ್ನು ಯಾವ ಕೆಟ್ಟ ಉದ್ದೇಶದಿಂದಲೂ ಮಾಡೋದಿಲ್ಲ. ದಿನಕ್ಕೆ ಮೂವತ್ತು ಅಂಗಡಿಯ ಫೋನು ಬರುತ್ತದೆ, ಪ್ರತಿಯೊಬ್ಬರಿಗೂ "ಸರ್ ಅಕ್ಸೆಪ್ಟ್ ಒತ್ತಿ, ಅಲ್ಲ ಸರ್, ಹಸಿರು ಬಟನ್" ಅಂತ ಹೇಳಿ ಹೇಳಿ ಬೇಸತ್ತಿರುತ್ತಾರೆ. ಒಂದು ಪಾಸ್‌ವರ್ಡ್ ಇಟ್ಟುಬಿಡುತ್ತಾರೆ. ನಿಮಗೆ ಹೇಳೋದನ್ನು ಮರೆಯುತ್ತಾರೆ.

ಕೆಲವು ವರ್ಷದ ಹಿಂದೆ ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಗಿರಣಿಗೆ ಹೋಗಿದ್ದೆ, ಪ್ರಿಂಟರ್ ಕೆಲಸಕ್ಕೆ. ಗಿರಣಿಯ ಗುಮಾಸ್ತರು ಮಾತಿನ ನಡುವೆ, ಸಾಫ್ಟ್‌ವೇರಿನವರು ಬಹಳ ಒಳ್ಳೆಯವರು ಸರ್, ನಾವು ಏನೂ ಒತ್ತೋದೇ ಬೇಡ, ತಾವೇ ಬಂದು ಮಾಡಿ ಹೋಗ್ತಾರೆ ಅಂದರು. ಫೋನ್ ಮಾಡಿಸಿ ಪಾಸ್‌ವರ್ಡ್ ಏನು ಅಂತ ಕೇಳಿದೆ. ಆ ಕಡೆಯ ಹುಡುಗ ಒಂದು ಕ್ಷಣವೂ ಯೋಚಿಸದೆ ಹೇಳಿದ: ಅವರ ಸಾಫ್ಟ್‌ವೇರಿನ ಹೆಸರು, ಮುಂದೆ ಒಂದು ಎರಡು ಮೂರು. "ಇದು ಈ ಗಿರಣಿಗೆ ಮಾತ್ರನಾ?" ಅಂದೆ. "ಇಲ್ಲ ಸರ್, ಎಲ್ಲಾ ಪಾರ್ಟಿಗೂ ಒಂದೇ" ಅಂದ. ನೆನಪಿಟ್ಟುಕೊಳ್ಳೋಕೆ ಸುಲಭ ಅಲ್ವಾ. ಅಲ್ಲಿ ಕೆಲಸ ಬಿಟ್ಟುಹೋದ ಹುಡುಗರ ಕೈಯಲ್ಲೂ ಅದೇ ಪಾಸ್‌ವರ್ಡು. ಆ ಗಿರಣಿಯಲ್ಲಿ ಏನೂ ಕಳುವಾಗಿರಲಿಲ್ಲ. ಆದರೆ ಬಾಗಿಲು ಎಷ್ಟು ಜನಕ್ಕೆ ತೆರೆದಿತ್ತು ಅಂತ ಯಾರಿಗೂ ಲೆಕ್ಕ ಇರಲಿಲ್ಲ. ನಿಮ್ಮಲ್ಲೂ ಹೀಗೇ ಇದೆ ಅನ್ನುತ್ತಿಲ್ಲ. ಮೊದಲು ಅದನ್ನೇ ನೋಡಿ ಅನ್ನುತ್ತಿದ್ದೇನೆ.

ನೋಡೋದು ಹೀಗೆ. ಎನಿಡೆಸ್ಕ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರಿಟಿ ಅಥವಾ ಆ್ಯಕ್ಸೆಸ್ ಅನ್ನೋ ಭಾಗಕ್ಕೆ ಹೋಗಿ, ಆವೃತ್ತಿಗೆ ತಕ್ಕಂತೆ ಹೆಸರು ಬದಲಾಗುತ್ತದೆ. ಮೇಲೆ ಅನ್‌ಲಾಕ್ ಅಂತ ಇದ್ದರೆ ಒತ್ತಿ. ಅನ್‌ಅಟೆಂಡೆಡ್ ಆ್ಯಕ್ಸೆಸ್ ಆನ್ ಇದೆಯಾ? ಇದ್ದರೆ, ನೀವು ಇಟ್ಟಿದ್ದಲ್ಲ ಅಂದರೆ, ಟಿಕ್ ತೆಗೆಯಿರಿ. ಹಿಂದೆ ಉಳಿಸಿಕೊಂಡ ಟೋಕನ್‌ಗಳನ್ನು, ಅಂದರೆ ಪಾಸ್‌ವರ್ಡ್ ಬದಲು ನಡೆಯುವ ಕೀಲಿಗಳನ್ನು, ಅಳಿಸುವ ಬಟನ್ ಅಲ್ಲಿ ಕಂಡರೆ ಅದನ್ನೂ ಒತ್ತಿ.

ಆಮೇಲೆ ಹಳೇ ಲೆಕ್ಕ. ಎನಿಡೆಸ್ಕ್ ತನ್ನ ಒಳಗೆ ಬಂದವರ ಹಾಜರಿ ಪುಸ್ತಕ ಇಡುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸಿ ಡ್ರೈವ್‌ನಲ್ಲಿ ಪ್ರೋಗ್ರಾಂಡೇಟಾ ಅಂತ ಒಂದು ಫೋಲ್ಡರ್ ಇದೆ. ಅದು ಮರೆಯಾಗಿರುತ್ತದೆ, ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿದರೆ ಕಾಣುತ್ತದೆ. ಅದರೊಳಗೆ ಎನಿಡೆಸ್ಕ್, ಅದರೊಳಗೆ ಕನೆಕ್ಷನ್ ಟ್ರೇಸ್ ಅನ್ನೋ ಟೆಕ್ಸ್ಟ್ ಫೈಲು. ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತದೆ. ಒಂದೊಂದು ಸಾಲು ಒಂದೊಂದು ಭೇಟಿ: ಇನ್‌ಕಮಿಂಗ್, ತಾರೀಖು, ಸಮಯ, ಬಂದ ಬಗೆ, ಬಂದವರ ನಂಬರ್. ಬಂದ ಬಗೆಯ ಮೇಲೆ ಕಣ್ಣಿಡಿ. ಯೂಸರ್ ಅಂತ ಇದ್ದರೆ ನಿಮ್ಮ ಕಡೆ ಯಾರೋ ಅಕ್ಸೆಪ್ಟ್ ಒತ್ತಿದ್ದಾರೆ. ಪಾಸ್‌ವರ್ಡ್ ಅನ್ನೋದರ ಮೊಟಕು ಮಾತು ಇದ್ದರೆ ಪಾಸ್‌ವರ್ಡ್ ಹೊಡೆದು ಬಂದಿದ್ದಾರೆ. ಟೋಕನ್ ಅಂತ ಇದ್ದರೆ ಉಳಿಸಿಕೊಂಡ ಕೀಲಿಯಿಂದ ಬಂದಿದ್ದಾರೆ. ರಿಜೆಕ್ಟೆಡ್ ಅಂದರೆ ಬರೋಕೆ ನೋಡಿ ಆಗಲಿಲ್ಲ.

ಈ ಫೈಲು ನೋಡಿ ಸುಮ್ನೆ ಹೆದರಿದವರನ್ನೂ ನೋಡಿದ್ದೇನೆ. "ಬೆಳಗಿನ ಜಾವ ಐದೂವರೆಗೆ ಬಂದಿದ್ದಾರೆ ಸರ್" ಅಂತ ಒಬ್ಬರು ಫೋನ್ ಮಾಡಿದ್ದರು. ರಿಮೋಟ್ ಪ್ರೋಗ್ರಾಂಗಳ ಕೆಲವು ಲಾಗ್‌ಗಳು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದ ಲೆಕ್ಕದಲ್ಲಿ ಬರೆಯುತ್ತವೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅವರ ಬೆಳಗಿನ ಐದೂವರೆ ಅಂದರೆ ಅದೇ ದಿನ ಬೆಳಗ್ಗೆ ಅವರೇ ಕರೆಸಿಕೊಂಡಿದ್ದ ಹನ್ನೊಂದು ಗಂಟೆ. ಲೆಕ್ಕ ಹಾಕುತ್ತಾ ಕೂರೋ ಬದಲು ಒಂದು ಪರೀಕ್ಷೆ ಮಾಡಿ. ಸಾಫ್ಟ್‌ವೇರಿನವರಿಗೆ ಫೋನ್ ಮಾಡಿ, ಒಂದು ನಿಮಿಷ ಎನಿಡೆಸ್ಕ್‌ನಲ್ಲಿ ಬಂದು ಹೋಗಲು ಹೇಳಿ, ಗಡಿಯಾರ ನೋಡಿಕೊಳ್ಳಿ. ಫೈಲಿನ ಕೊನೆಯ ಸಾಲಿನಲ್ಲಿ ಏನು ಬಂತು ನೋಡಿ. ಸಮಯದ ವ್ಯತ್ಯಾಸವೂ ಗೊತ್ತಾಯಿತು, ಅವರ ನಂಬರೂ ಗೊತ್ತಾಯಿತು. ಆಮೇಲೆ ಹಿಂದಿನ ಸಾಲುಗಳಲ್ಲಿ ಆ ನಂಬರ್ ಬಿಟ್ಟು ಬೇರೆ ಯಾವುದಿದೆ, ಅಂಗಡಿ ಬಾಗಿಲು ಹಾಕಿದ ಮೇಲೆ ಯಾರಾದರೂ ಬಂದಿದ್ದಾರಾ ಅಂತ ನಿಧಾನವಾಗಿ ನೋಡಿ. ಬೇರೆ ನಂಬರ್ ಕಂಡ ಕೂಡಲೇ ಕಳ್ಳ ಅನ್ನಬೇಡಿ, ಆ ಕಂಪನಿಯಲ್ಲೇ ನಾಲ್ಕು ಹುಡುಗರು ನಾಲ್ಕು ಕಂಪ್ಯೂಟರಿನಿಂದ ಬಂದಿರಬಹುದು. ಪಟ್ಟಿ ಕಳಿಸಿ ಕೇಳಿ. ಯಾವುದು ತಮ್ಮದು ಅಂತ ಹೇಳೋದು ಅವರ ಜವಾಬ್ದಾರಿ.

ಇಷ್ಟು ನೋಡಿದ ಮೇಲೆ ಏನು ಮಾಡೋದು? ನಿಮ್ಮ ಮುಂದೆ ಮೂರು ದಾರಿ ಇವೆ.

ಪೂರ್ತಿ ತೆಗೆದುಹಾಕೋದು ಒಂದು. ಮುಂದೆ ಬೇಕಾದಾಗ ಸಪೋರ್ಟಿನವರು ಇನ್‌ಸ್ಟಾಲ್ ಮಾಡದ ಎನಿಡೆಸ್ಕನ್ನು ಓಡಿಸಲು ಹೇಳುತ್ತಾರೆ, ಕೆಲಸ ಮುಗಿದ ಮೇಲೆ ನೀವು ಮುಚ್ಚುತ್ತೀರಿ. ನನ್ನ ಮಟ್ಟಿಗೆ ನಿಮ್ಮಂಥ ಅಂಗಡಿಗೆ ಇದೇ ಸರಿ. ತೊಂದರೆ ಒಂದೇ: ವಿಂಡೋಸ್ ಅನುಮತಿ ಕೇಳುವ, ಪರದೆ ಮಬ್ಬಾಗಿ ಎಸ್ ಅಥವಾ ನೋ ಕೇಳುವ ಕಿಟಕಿ ಬಂದಾಗ ಆ ಕಡೆಯವರಿಗೆ ಅದು ಕಾಣೋದಿಲ್ಲ. ನೀವೇ ಎಸ್ ಒತ್ತಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವ ದಿನ ನೀವು ಮುಂದೆ ಕೂತಿರಬೇಕು, ಅಷ್ಟೇ. ಕೂತಿರೋದೇ ಒಳ್ಳೆಯದು.

ಇನ್‌ಸ್ಟಾಲ್ ಆಗಿರೋದನ್ನೇ ಇಟ್ಟುಕೊಂಡು ಬಿಗಿ ಮಾಡೋದು ಇನ್ನೊಂದು. ಹೊಸ ಆವೃತ್ತಿ ಹಾಕಿ, ಅನ್‌ಅಟೆಂಡೆಡ್ ಆ್ಯಕ್ಸೆಸ್ ಆಫ್ ಮಾಡಿ. ಎನಿಡೆಸ್ಕ್ ಕಿಟಕಿ ತೆರೆದಿದ್ದಾಗ ಮಾತ್ರ ಕರೆ ಬರಲಿ ಅನ್ನೋ ಆಯ್ಕೆಯಿದೆ, ಅದನ್ನು ಹಾಕಿ. ಸಪೋರ್ಟಿನವರ ನಂಬರ್‌ಗಳಿಗೆ ಮಾತ್ರ ಬಿಡುವ ಪಟ್ಟಿಯನ್ನೂ ಮಾಡಬಹುದು. ಫೈಲ್ ಕಳಿಸೋ ಅನುಮತಿ, ಕ್ಲಿಪ್‌ಬೋರ್ಡ್ ಅನುಮತಿ ಬೇಕಿಲ್ಲದಿದ್ದರೆ ತೆಗೆಯಿರಿ. ಕ್ಲಿಪ್‌ಬೋರ್ಡ್ ಹಂಚಿಕೆ ಇದ್ದರೆ ನೀವು ಇಲ್ಲಿ ಕಾಪಿ ಮಾಡಿದ್ದು ಅಲ್ಲಿಗೂ ಹೋಗುತ್ತದೆ. ಇಲ್ಲಿಯ ಅಪಾಯ ಅಂದರೆ ಮರೆವು. ಯಾರೋ ಒಂದು ದಿನ ಅವಸರಕ್ಕೆ ಪಾಸ್‌ವರ್ಡ್ ಇಟ್ಟು ಹೋಗುತ್ತಾರೆ, ನೀವು ಮತ್ತೆ ನೋಡೋದಿಲ್ಲ. ಸರ್ವೀಸಸ್ ಪಟ್ಟಿಗೆ ಹೋಗಿ ಎನಿಡೆಸ್ಕ್ ಸರ್ವೀಸನ್ನು ಆಟೋಮ್ಯಾಟಿಕ್‌ನಿಂದ ಮ್ಯಾನ್ಯುಯಲ್‌ಗೆ ಬದಲಿಸಿ ಅಂತ ಕೆಲವರು ಹೇಳುತ್ತಾರೆ. ಮಾಡಬಹುದು, ಆದರೆ ಮುಂದೆ ಯಾರಾದರೂ ಮತ್ತೆ ಇನ್‌ಸ್ಟಾಲ್ ಮಾಡಿದರೆ ಅದು ಮೊದಲಿನಂತೆ ಆಗಬಹುದು. ಅದನ್ನೊಂದೇ ನಂಬಿ ಕೂರಬೇಡಿ.

ಮೂರನೆಯದು ವಿಂಡೋಸ್‌ನಲ್ಲೇ ಇರುವ ಕ್ವಿಕ್ ಅಸಿಸ್ಟ್. ಸಹಾಯ ಮಾಡುವವರು ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದು ಒಂದು ಕೋಡ್ ಕೊಡುತ್ತಾರೆ, ನೀವು ಅದನ್ನು ಹೊಡೆದು ಒಪ್ಪಿಗೆ ಕೊಡುತ್ತೀರಿ. ಕೋಡ್ ಸ್ವಲ್ಪ ಹೊತ್ತು ಮಾತ್ರ ನಡೆಯುತ್ತದೆ, ನೀವಿಲ್ಲದಾಗ ಬರುವ ದಾರಿಯೇ ಇದರಲ್ಲಿಲ್ಲ. ಹಾಗಂತ ಇದೂ ಮೋಸಕ್ಕೆ ಹೊರತಲ್ಲ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟೇ ಹೇಳಿತ್ತು, ಕಂಪನಿಯ ಐಟಿ ವಿಭಾಗದವರ ಹಾಗೆ ಫೋನ್ ಮಾಡಿ ಕ್ವಿಕ್ ಅಸಿಸ್ಟ್ ಮೂಲಕ ಒಳಹೊಕ್ಕು ರ‍್ಯಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಪ್ರೋಗ್ರಾಂ, ಹಾಕುವ ಗುಂಪೊಂದಿದೆ ಅಂತ. ಎನಿಡೆಸ್ಕ್ ಆಗಲಿ ಕ್ವಿಕ್ ಅಸಿಸ್ಟ್ ಆಗಲಿ, ನೀವು ಅವರಿಗೆ ಫೋನ್ ಮಾಡಿದಾಗ ಬಿಡಿ. ಅವರಾಗಿ ಫೋನ್ ಮಾಡಿ ಕೇಳಿದರೆ ಇಟ್ಟುಬಿಟ್ಟು, ನಿಮ್ಮ ಹತ್ತಿರ ಇರುವ ನಂಬರಿಗೆ ನೀವೇ ತಿರುಗಿ ಮಾಡಿ.

ಯಾವ ದಾರಿ ಹಿಡಿದರೂ ಎರಡು ಅಭ್ಯಾಸ ಬದಲಿಸಿ. ಮಾನಿಟರ್ ಆಫ್ ಮಾಡೋದು, ಮುಚ್ಚಳ ಮುಚ್ಚೋದು ಕಂಪ್ಯೂಟರ್ ಆಫ್ ಮಾಡಿದ ಹಾಗಲ್ಲ. ರಾತ್ರಿ ಶಟ್‌ಡೌನ್ ಮಾಡಿ. ಇನ್ನೊಂದು, ಗ್ರಾಮ ಪಂಚಾಯಿತಿ ಟೆಂಡರಿಗೋ ಜಿಎಸ್‌ಟಿಗೋ ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಇಟ್ಟುಕೊಂಡಿದ್ದರೆ ಅದನ್ನು ಯುಎಸ್‌ಬಿಯಲ್ಲಿ ಸಿಕ್ಕಿಸಿಯೇ ಬಿಡಬೇಡಿ. ಎಷ್ಟೋ ಅಂಗಡಿಗಳಲ್ಲಿ ಅದು ವರ್ಷಪೂರ್ತಿ ಅಲ್ಲೇ ಇರುತ್ತದೆ, ಪಿನ್ನು ಸ್ಟಿಕ್ಕರ್ ಮೇಲೆ. ಯಜಮಾನರ ಸಹಿ ಮಾಡಿದ ಖಾಲಿ ಹಾಳೆ ಮೇಜಿನ ಮೇಲಿಟ್ಟ ಹಾಗೆ ಅದು. ಸಪೋರ್ಟಿನವರು ಒಳಗಿದ್ದಾಗ ಬ್ಯಾಂಕಿನ ಪುಟ ತೆರೆದಿರಬಾರದು ಅಂತ ಬೇರೆ ಹೇಳಬೇಕಿಲ್ಲ ತಾನೇ.

ಒಂದು ವೇಳೆ ಆ ಫೈಲಿನಲ್ಲಿ ಸಾಫ್ಟ್‌ವೇರಿನವರು ನಮ್ಮದಲ್ಲ ಅನ್ನುವ ನಂಬರ್ ಸಿಕ್ಕರೆ, ಅಥವಾ ನಿಮ್ಮ ಕಣ್ಣೆದುರೇ ಪರದೆ ಕಪ್ಪಾಗಿ ಯಾರೋ ಕೆಲಸ ಮಾಡುತ್ತಿರುವ ಹಾಗೆ ಅನ್ನಿಸಿದರೆ, ಆಗ ಆತುರದಲ್ಲಿ ಅನ್‌ಇನ್‌ಸ್ಟಾಲ್ ಮಾಡಬೇಡಿ. ಮೊದಲು ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕೀಳಿ. ಆ ಪ್ರೋಗ್ರಾಂಡೇಟಾದ ಎನಿಡೆಸ್ಕ್ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ, ಪರದೆಯ ಫೋಟೋ ಹೊಡೆಯಿರಿ. ಅನ್‌ಇನ್‌ಸ್ಟಾಲ್ ಮಾಡಿದರೆ ಸಾಕ್ಷಿಯೂ ಹೋಗಬಹುದು. ಬ್ಯಾಂಕ್, ಇಮೇಲ್, ಜಿಎಸ್‌ಟಿ ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರಿನಿಂದ ಅಥವಾ ಫೋನಿನಿಂದ ಬದಲಿಸಿ, ಅದೇ ಲ್ಯಾಪ್‌ಟಾಪಿನಿಂದ ಬೇಡ. ಹಣ ಹೋಗಿದ್ದರೆ ಬ್ಯಾಂಕಿಗೆ ಫೋನ್ ಮಾಡಿ, ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೂ ಮಾಡಿ. ದೂರು ಆನ್‌ಲೈನಿನಲ್ಲಿ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ಕೊಡಬಹುದು, ಸೈಬರ್ ಅಪರಾಧ ನೋಡಿಕೊಳ್ಳುವ ದಾವಣಗೆರೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ತಡ ಮಾಡಿದಷ್ಟೂ ನಷ್ಟ ನಿಮ್ಮ ತಲೆಗೇ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಅನ್ನುವಂಥ ಮೋಸವನ್ನು ಬ್ಯಾಂಕ್ ತಿಳಿಸಿದ ಮೂರು ಕೆಲಸದ ದಿನದೊಳಗೆ ಹೇಳಿದರೆ ನಿಮ್ಮ ಹೊಣೆ ಸೊನ್ನೆ ಅಂತ ಇತ್ತು. ನೀವೇ ಓಟಿಪಿ, ಪಾಸ್‌ವರ್ಡ್ ಕೊಟ್ಟಿದ್ದರೆ ಮಾತ್ರ ತಿಳಿಸುವವರೆಗಿನ ನಷ್ಟ ನಿಮ್ಮದೇ ಅಂತಲೂ ಇತ್ತು. ಈಗಿನ ನಿಯಮ ಏನು ಅಂತ ಬ್ಯಾಂಕಿನಲ್ಲೇ ಕೇಳಿಕೊಳ್ಳಿ.

ಮನೆಯವರ ಫೋನುಗಳನ್ನೂ ಒಮ್ಮೆ ನೋಡಿ. ಕರೆಂಟ್ ಬಿಲ್ ಬಾಕಿ, ಇವತ್ತು ರಾತ್ರಿ ಕಟ್ ಅಂತ ಮೆಸೇಜ್ ಬಂದಾಗ ಯಾವುದೋ ಆ್ಯಪ್ ಹಾಕಿಕೊಂಡು ಮರೆತವರು ಇರುತ್ತಾರೆ. ಫೋನಿನಲ್ಲಿ ರಿಮೋಟ್ ಆ್ಯಪ್ ಇರಬೇಕಾದ ಕಾರಣ ನಿಮಗೆ ಒಂದೂ ಇಲ್ಲ, ಕಂಡರೆ ತೆಗೆಯಿರಿ.

ಲ್ಯಾಪ್‌ಟಾಪ್ ನಿಧಾನ ಆಗಿರೋದಕ್ಕೆ ಎನಿಡೆಸ್ಕ್ ಕಾರಣ ಅಲ್ಲ ಅಂತ ನನ್ನ ಅಂದಾಜು. ಟಾಸ್ಕ್ ಮ್ಯಾನೇಜರ್‌ನ ಪರ್ಫಾಮೆನ್ಸ್ ಭಾಗದಲ್ಲಿ ಡಿಸ್ಕ್ ನೋಡಿ. ಸುಮ್ಮನಿದ್ದಾಗಲೂ 100 ಪ್ರತಿಶತ ತೋರಿಸಿ, ಪಕ್ಕದಲ್ಲಿ ಎಚ್‌ಡಿಡಿ ಅಂತ ಇದ್ದರೆ ಹಳೇ ಹಾರ್ಡ್ ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ. ಲೆಕ್ಕದ ಬ್ಯಾಕಪ್ ಮೊದಲು. ವಿಂಡೋಸ್ 10 ಇದ್ದರೆ ಅದಕ್ಕೂ ಒಂದು ದಾರಿ ನೋಡಿ, ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಯಜಮಾನರ ಮಾತಿನಲ್ಲೂ ಹುರುಳಿದೆ. ರಿಟರ್ನ್ ಹೊತ್ತಿನಲ್ಲಿ ಸಪೋರ್ಟ್ ಕಡಿದುಕೊಳ್ಳೋದು ಬೇಡ. ಹಾಗಾಗಿ ಸಹಿ ನೋಡೋದು, ಆ ಫೈಲು ಓದೋದು, ಅನ್‌ಅಟೆಂಡೆಡ್ ಆ್ಯಕ್ಸೆಸ್ ಆಫ್ ಮಾಡೋದು ಇವತ್ತೇ ಆಗಲಿ, ಇವು ಯಾವುದರಿಂದಲೂ ಬಿಲ್ಲಿಂಗ್ ನಿಲ್ಲೋದಿಲ್ಲ. ಆವೃತ್ತಿ ಹಳೆಯದಿದ್ದರೆ ಹೊಸದೂ ಇವತ್ತೇ. ಪೂರ್ತಿ ತೆಗೆಯೋದು, ಡಿಸ್ಕ್ ಬದಲಿಸೋದು 21ನೇ ತಾರೀಖಿಗೆ ಇಟ್ಟುಕೊಳ್ಳಿ.